ನೆತ್ತರುಗೊಡಗೆಯಿಂದ ಪರಿಹಾರಧನಕ್ಕೆ

ಚಿಂತಾಮಣಿ ತಾಲ್ಲೂಕಿನ ನಮ್ಮ ಕೆಂಚಾರ್ಲಹಳ್ಳಿ 2007ರವರೆಗೆ ಕೋಲಾರ ಜಿಲ್ಲೆಗೆ ಸೇರಿತ್ತು. ಆ ಹಳೆಯ ಜಿಲ್ಲೆಯ ಶಾಸನಗಳನ್ನು ರೈಸ್ ಸಾಹೇಬರು 1905ರಲ್ಲಿ ಅಚ್ಚು ಹಾಕಿಸಿದರು. ಅವುಗಳಲ್ಲಿ ವೀರಗಲ್ಲುಗಳು ಹೇರಳ. ತುರುಗಳನ್ನು ಬಿಡಿಸಲು ಹೋಗಿ ಮಡಿದವನ ಮನೆಯವರಿಗೆ ಒಡೆಯನು ಭೂಮಿ ಬಿಡುತ್ತಿದ್ದನು. ಅದಕ್ಕೆ ನೆತ್ತರುಗೊಡಗೆಯೆಂದು ಹೆಸರು. ಒಡೆಯನ ಮನಸ್ಸು ಬಂದರೆ ಕೊಡಗೆ, ಬಾರದಿದ್ದರೆ ಕೇಳುವವರಾರು? ಅಂದಹಾಗೆ, ಶಾಸನಗಳ ‘ಸರ್ವಬಾಧಾ ಪರಿಹಾರ’ವೆಂದರೆ ತೆರಿಗೆ ಮೊದಲಾದ ಕಾಟಗಳಿಂದ ಬಿಡುಗಡೆ. ಪರಿಹಾರವೆಂದರೆ ಹಣವೆಂಬ ಅರ್ಥ ಈಚಿನದು.

ದುಡಿಯುವಾಗ ಸತ್ತವನ ಮನೆಯವರು ಹಕ್ಕಿನಿಂದ ಕೇಳಬಹುದೆಂದು ಇಂಗ್ಲೆಂಡು 1897ರಲ್ಲಿ ಒಪ್ಪಿತು. ಬ್ರಿಟಿಷ್ ಇಂಡಿಯಾದ ಕಾಯಿದೆ 1923ರದು. ಜಾರಿಗೆ ಬಂದದ್ದು 1924ರ ಜುಲೈ 1ರಂದು. ವಯಸ್ಕ ಕೆಲಸಗಾರ ಸತ್ತರೆ ಮೂವತ್ತು ತಿಂಗಳ ಸಂಬಳ ಅಥವಾ 2,500 ರೂಪಾಯಿ, ಎರಡರಲ್ಲಿ ಕಡಮೆಯಾದದ್ದು! ಮೈಸೂರು ಸಂಸ್ಥಾನವೂ ತನ್ನದೇ ಕಾಯಿದೆ ಮಾಡಿಕೊಂಡಿತ್ತು. ನಮ್ಮ ಜಿಲ್ಲೆಯಲ್ಲಿ ಅದರ ಅಗತ್ಯ ಹೆಚ್ಚಾಗಿದ್ದುದು ಚಿನ್ನದ ಗಣಿಯಲ್ಲಿ. ಬಂಡೆ ಕುಸಿದು ಸತ್ತವನ ಲೆಕ್ಕ ಸುಲಭ. ಕಲ್ಲಿನ ಧೂಳು ಕುಡಿದು ಮೆಲ್ಲಗೆ ಸಾಯುವವನ ಲೆಕ್ಕ ಹೇಗೆ? 1940ರ ದಶಕದಲ್ಲಿ ಅಲ್ಲಿಯ ಏಳು ಸಾವಿರಕ್ಕೂ ಮಿಕ್ಕ ಕೆಲಸಗಾರರನ್ನು ಪರೀಕ್ಷಿಸಿದಾಗ ನೂರಕ್ಕೆ ನಲವತ್ತಕ್ಕಿಂತ ಹೆಚ್ಚು ಮಂದಿಗೆ ಸಿಲಿಕೋಸಿಸ್ ಕಂಡಿತು.

ತಿದ್ದುಪಡಿಗಳು ಅನೇಕ. 1984ರಲ್ಲಿ ವಯಸ್ಸಿಗೆ ತಕ್ಕ ಗುಣಕ ಬಂದಿತು. ಆದರೆ ಕೂಲಿಯವನಿಗೆ ದೊಡ್ಡದು 2000ದ ತಿದ್ದುಪಡಿ. ಅದುವರೆಗೆ, ಯಜಮಾನನ ಕಸುಬಿಗೆ ಸೇರದ ಕೆಲಸಕ್ಕೆ ಎಂದೋ ಒಂದು ದಿನ ಕರೆದ ಆಳು ಕಾಯಿದೆಯ ಕಣ್ಣಿಗೆ ಕೆಲಸಗಾರನೇ ಅಲ್ಲ. ಹೆಂಚು ಸರಿಪಡಿಸಲು ನೀವು ಕರೆದವನು ಜಾರಿ ಬಿದ್ದರೆ ಅವನ ಹಣೆಬರಹ. ಆ ಮಾತನ್ನು ತೆಗೆದುಹಾಕಿದರು; ಹಲವು ಕಸುಬುಗಳಿಗಿದ್ದ ಆಳುಗಳ ತಲೆಯೆಣಿಕೆಯೂ ಹೋಯಿತು.

ಕೆಲವು ವರ್ಷಗಳ ಹಿಂದೆ ನನ್ನ ತರಗತಿಯ ಹುಡುಗನೊಬ್ಬನ ತಂದೆ, ಕಟ್ಟುತ್ತಿದ್ದ ಮನೆಯ ಸಾರುವೆಯಿಂದ ಬಿದ್ದು ತೀರಿಕೊಂಡರು. ಹಿರಿಯರು ಕುಳಿತು ರಾಜಿ ಮಾಡಿಸಿದರು. ಅಕ್ಷರ ದುಂಡಗಿದೆಯೆಂದು ಕರಾರುಪತ್ರ ಬರೆಯಲು ನನ್ನನ್ನೇ ಕರೆದರು. ಬರೆದೆ. ಆಕೆ ಹೆಬ್ಬೆಟ್ಟು ಒತ್ತಿದರು. ಕೈಗೆ ಬಂದದ್ದು ಐವತ್ತು ಸಾವಿರ.

ಕಾಯಿದೆಯನ್ನು ನಾನು ಓದಿದ್ದು ಬಹಳ ತಡವಾಗಿ. 8ನೆಯ ಕಲಮು ನೋಡಿ: ಸತ್ತವನ ಪರಿಹಾರವನ್ನು ಯಜಮಾನನು ಕಮಿಷನರಲ್ಲಿಯೇ ಠೇವಣಿ ಇಡಬೇಕು, ನೇರವಾಗಿ ಕೊಟ್ಟದ್ದು ಪರಿಹಾರವೆನಿಸದು. ಮೂರು ತಿಂಗಳ ಸಂಬಳದಷ್ಟು ಮುಂಗಡಕ್ಕೆ ಮಾತ್ರ ವಿನಾಯಿತಿ. ಹಕ್ಕನ್ನು ಬಿಟ್ಟುಕೊಡುವ ಕರಾರು 17ನೆಯ ಕಲಮಿನಂತೆ ಅಸಿಂಧು. ನನ್ನ ದುಂಡಗಿನ ಅಕ್ಷರಕ್ಕೆ ಅಷ್ಟೇ ಬೆಲೆ!

ಮೊತ್ತ ಎಷ್ಟು? ತಿಂಗಳ ದುಡಿಮೆ 12,000 ಎಂದಿಟ್ಟುಕೊಳ್ಳಿ. 2020ರಿಂದ 15,000ದವರೆಗೆ ಲೆಕ್ಕಕ್ಕೆ ಹಿಡಿಯುತ್ತಿದ್ದರು. ಅದರ ಅರ್ಧ ಆರು ಸಾವಿರ. ನಲವತ್ತು ವಯಸ್ಸಿನ ಗುಣಕ 184.17. ಗುಣಿಸಿದರೆ 11,05,020 ರೂಪಾಯಿ. ಕರಿಹಲಗೆಯ ಮೇಲೆ ಎರಡು ಸಲ ಗುಣಿಸಿ ನೋಡಿದೆ.

2010ರಿಂದ ‘ನೌಕರರ ಪರಿಹಾರ ಕಾಯಿದೆ’ ಎನಿಸಿದ ಆ ಕಾಯಿದೆಯ ಜಾಗಕ್ಕೆ 2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ. ಅದರ ಏಳನೆಯ ಅಧ್ಯಾಯ ಠೇವಣಿಯ ನಿಯಮವನ್ನು ಉಳಿಸಿಕೊಂಡು, ಮನೆಯಿಂದ ಕೆಲಸಕ್ಕೆ ಹೋಗಿಬರುವ ದಾರಿಯ ಅಪಘಾತವನ್ನೂ ಒಳಗೊಂಡಿದೆ.

ಆ ತಾಯಿಯ ವಿಷಯದಲ್ಲಿ ಹಳೆಯ ಕಾಯಿದೆಯ ಎರಡು ವರ್ಷದ ಅವಧಿ ಮೀರಿತ್ತು. ತಕ್ಕ ಕಾರಣವಿದ್ದರೆ ತಡವನ್ನು ಮನ್ನಿಸುವ ಅಧಿಕಾರ ಕಮಿಷನರಿಗೆ ಇತ್ತು. ಆ ಅರ್ಜಿಯನ್ನೂ ನಾನೇ ಬರೆದೆ. ಕಾರಣದ ಜಾಗದಲ್ಲಿ ಕರಾರುಪತ್ರದ ಸಂಗತಿಯನ್ನು, ಅದನ್ನು ಬರೆದವರು ಯಾರೆಂಬುದನ್ನು ಕಾಣಿಸಿದೆ.