ಭತ್ತದ ವಂಶಾವಳಿ

ಸುವರ್ಣಾವತಿಯ ನೀರುಂಡ ಯಳಂದೂರಿನ ಗದ್ದೆಗಳಲ್ಲಿ ಭತ್ತ, ಹನೂರಿನ ಮಳೆಯಾಶ್ರಿತ ಹೊಲಗಳಲ್ಲಿ ರಾಗಿ. ಕೊಳ್ಳೇಗಾಲದಲ್ಲಿ ಬೆಳೆದ ನಾನು ಎರಡನ್ನೂ ಉಂಡವನು. ಯಳಂದೂರಿನ ಕಡೆಯವರಾದ ನನ್ನ ಅಜ್ಜಿ ರಾಜಮುಡಿ, ರತ್ನಚೂಡಿ, ಕೊಯಮತ್ತೂರು ಸಣ್ಣ ಎಂದು ಭತ್ತಗಳನ್ನು ನೆಂಟರಂತೆ ಹೆಸರಿಟ್ಟು ನೆನೆಯುತ್ತಿದ್ದರು.

ಕೊಳ್ಳೇಗಾಲವು 1956ರವರೆಗೆ ಕೊಯಮತ್ತೂರು ಜಿಲ್ಲೆಗೆ ಸೇರಿತ್ತೆಂಬುದನ್ನು ಕೇಳುಗರು ಬಲ್ಲರು. ಆ ಕೊಯಮತ್ತೂರಿನಲ್ಲಿ 1912ರಲ್ಲಿ ಭತ್ತದ ತಳಿ ಅಭಿವೃದ್ಧಿ ಕೇಂದ್ರವೊಂದು ಆರಂಭವಾಯಿತು. ರೈತರ ಭತ್ತದಿಂದ ಅಲ್ಲಿ ಆಯ್ದ ಜಿ.ಇ.ಬಿ. 24 ಎಂಬ ಸಣ್ಣಕ್ಕಿಯ ತಳಿಯು ಮುಂದೆ ಟಿ.ಕೆ.ಎಂ. 6ರ ಮೂಲಕ ಫಿಲಿಪೀನ್ಸನ್ನು ಸೇರಿ, 1976ರ ಐ.ಆರ್. 36ರ ಪೂರ್ವಜರಲ್ಲಿ ಒಂದಾಯಿತು. ಆ ತಳಿಗೆ ರೋಗನಿರೋಧಶಕ್ತಿಯನ್ನಿತ್ತ ಇನ್ನೊಂದು ಪೂರ್ವಜ ಉತ್ತರ ಪ್ರದೇಶದ ಕಾಡುಭತ್ತ. 1980ರ ದಶಕದಲ್ಲಿ ಐ.ಆರ್. 36 ಸುಮಾರು 1.1 ಕೋಟಿ ಹೆಕ್ಟೇರುಗಳಲ್ಲಿ ಬೆಳೆಯಿತು.

ಇಂಥ ಹೊಸ ತಳಿಗಳೇ ತಮ್ಮ ಹಿರಿಯರನ್ನು ಗದ್ದೆಯಿಂದ ಹೊರಡಿಸಿದವು. ಹಸಿದವರಿಗೆ ಅನ್ನವಿತ್ತ ಅವನ್ನು ದೂರಲಾರೆ. ಆದರೆ ನಾಳೆ ಹೊಸ ರೋಗ ಬಂದರೆ ಮದ್ದನ್ನು ಹುಡುಕಬೇಕಾದುದು ಆ ಹಿರಿಯರಲ್ಲಿಯೇ. ಫಿಲಿಪೀನ್ಸಿನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯ ಶೀತಭಂಡಾರದಲ್ಲಿ ಇಂದು 1,30,000ಕ್ಕೂ ಹೆಚ್ಚು ಮಾದರಿಗಳಿವೆ. ಬೀಜವನ್ನು ಅಲ್ಲಿ ಕಾಯಬಹುದು. ಯಾವ ಮಣ್ಣಿಗೆ, ಯಾವ ಅಡುಗೆಗೆ ಯಾವುದೆಂಬ ತಿಳಿವನ್ನು ಬಿತ್ತುವವರೇ ಕಾಯಬೇಕು. ಅಜ್ಜಿಯ ಮನೆಯ ರತ್ನಚೂಡಿಯ ಬೀಜ ನನ್ನ ಕಾಲದಲ್ಲಿಯೇ ತಪ್ಪಿಹೋಯಿತು. ಹೆಸರೊಂದೇ ನನ್ನಲ್ಲಿ ಉಳಿದಿದೆ.