ಮಡಿಲ ನಾಯಿಯ ಲೆಕ್ಕ

ಮೊಮ್ಮಗಳಿಗೆ ಹತ್ತು ವರ್ಷ ತುಂಬಿದ ದಿನ ನಮ್ಮ ಗಚ್ಚಿಬೌಲಿಯ ಹನ್ನೊಂದನೇ ಮಹಡಿಯ ಮನೆಯಲ್ಲಿ ಒಂದು ಅರ್ಜಿ ಮಂಡನೆಯಾಯಿತು. "ತಾತ, ನಂಗೆ ಈ ನಾಯಿಮರಿ ಬೇಕು" ಅಂತ ಮೊಬೈಲ್ ತಂದು ಕಣ್ಣಿಗೆ ಹಿಡಿದಳು. ಬಿಳಿ ಮೈಮೇಲೆ ಕಂದು ಮಚ್ಚೆ, ಜೋಲು ಕಿವಿ, ಈಗಷ್ಟೇ ಯಾರೋ ಬೈದಿದ್ದಾರೆ ಅನ್ನುವಂಥ ಕಣ್ಣು. ಹೆಸರು ನಾಯಿಗಿಂತ ಉದ್ದ: ಕ್ಯಾವಲಿಯರ್ ಕಿಂಗ್ ಚಾರ್ಲ್ಸ್ ಸ್ಪ್ಯಾನಿಯಲ್. ಮಗ ಸೊಸೆ ಇಬ್ಬರೂ ಬೆಳಿಗ್ಗೆ ಒಂಬತ್ತಕ್ಕೆ ಮನೆ ಬಿಟ್ಟರೆ ರಾತ್ರಿಯೇ ಬರುವವರು. "ನೀವೇ ನೋಡಿ ಹೇಳಿ ಅಪ್ಪ, ನೀವು ಮನೇಲೇ ಇರ್ತೀರಲ್ಲ" ಅಂದ ಮಗ. ಈ ಮಾತಿನ ಅರ್ಥವನ್ನು ನಿವೃತ್ತರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ನನ್ನಾಕೆಯದು ಒಂದೇ ಷರತ್ತು: ಅಡುಗೆಮನೆ, ದೇವರಕೋಣೆ ಎರಡಕ್ಕೂ ಅದು ಕಾಲಿಡಕೂಡದು.

ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ಕೂತವನು ನಾನು. ಸಾಲದ ಅರ್ಜಿ ಬಂದರೆ ಮೂರು ಪ್ರಶ್ನೆ ಕೇಳುವುದು ಅಭ್ಯಾಸ. ಕೇಳುತ್ತಿರುವವರು ಯಾರು? ಯಾತಕ್ಕೆ? ಕೊನೆಗೆ ತೀರಿಸುವವರು ಯಾರು? ನಾಯಿಯ ವಿಷಯದಲ್ಲೂ ಹಾಗೇ ಶುರು ಮಾಡಿದೆ. ಹಾಗೆ ನೋಡಿದರೆ 'ಬೇಡ' ಅನ್ನಲು ನನ್ನಲ್ಲಿ ಒಂದು ಹಳೆಯ ಕಾರಣ ಇತ್ತು. ಅದನ್ನು ಆಮೇಲೆ ಹೇಳುತ್ತೇನೆ. ಮೊದಲು ಈ ನಾಯಿಯ ಪೂರ್ವಾಪರ.

1570ರಲ್ಲಿ ಇಂಗ್ಲೆಂಡಿನ ವೈದ್ಯ ಜಾನ್ ಕೀಸ್ ಎಂಬಾತ ತನ್ನ ದೇಶದ ನಾಯಿಗಳ ಬಗ್ಗೆ ಲ್ಯಾಟಿನ್‌ನಲ್ಲಿ ಒಂದು ಚಿಕ್ಕ ಪುಸ್ತಕ ಬರೆದ. ಬೇಟೆಯ ನಾಯಿ, ಕಾವಲಿನ ನಾಯಿ ಎಂದು ವಿಂಗಡಿಸುತ್ತಾ ಹೋಗಿ, ಶ್ರೀಮಂತ ಹೆಂಗಸರ ಮಡಿಲಲ್ಲಿ ಕೂರುವ ಪುಟ್ಟ ಸ್ಪ್ಯಾನಿಯಲ್‌ಗೂ ಒಂದು ಜಾಗ ಕೊಟ್ಟ. ಇವು ಮಾಡುವ ಕೆಲಸ ಏನೂ ಇಲ್ಲ ಎಂಬ ಕುಹಕ ಅವನ ಬರಹದಲ್ಲಿದೆ. ಆದರೆ ಹೊಟ್ಟೆನೋವಿನವರು ಮೈಗೆ ಅವುಚಿಕೊಂಡರೆ ಹಿತವಾಗುತ್ತದೆ ಎಂದೂ ಸೇರಿಸಿದ. ಅಂದರೆ ಆ ಚಳಿಯ ದೇಶದಲ್ಲಿ ಅದೊಂದು ಉಸಿರಾಡುವ ಬಿಸಿನೀರಿನ ಚೀಲ.

ಅದಕ್ಕೆ ರಾಜಯೋಗ ಬಂದದ್ದು ಎರಡನೇ ಚಾರ್ಲ್ಸ್‌ನ ಕಾಲಕ್ಕೆ. ಅಪ್ಪನ ತಲೆ ಕಡಿಸಿದ ಪ್ರಜೆಗಳ ದೇಶಕ್ಕೆ, ವರ್ಷಗಟ್ಟಲೆ ಹೊರದೇಶಗಳಲ್ಲಿ ಅಲೆದು, 1660ರಲ್ಲಿ ವಾಪಸು ಬಂದು ಪಟ್ಟಕ್ಕೇರಿದವನು ಅವನು. ಪರಸ್ಥಳದಲ್ಲಿ ಇದ್ದು ಬಂದವನಿಗೆ ನಾಯಿಯ ಮೇಲೆ ಅಷ್ಟು ಪ್ರೀತಿ ಯಾಕೆ ಅಂತ ನಮ್ಮಂಥವರು ಊಹಿಸಿಕೊಳ್ಳಬಹುದು. ನೌಕಾಪಡೆಯ ಕಚೇರಿಯ ಅಧಿಕಾರಿಯಾಗಿದ್ದ ಸ್ಯಾಮ್ಯುಯೆಲ್ ಪೀಪ್ಸ್ 1667ರ ಸೆಪ್ಟೆಂಬರಿನ ದಿನಚರಿಯಲ್ಲಿ, ಸಭೆಯುದ್ದಕ್ಕೂ ದೊರೆ ಕೆಲಸದ ಕಡೆ ಗಮನ ಕೊಡದೆ ನಾಯಿಯ ಜೊತೆ ಆಡುತ್ತಾ ಕೂತಿದ್ದ ಎಂದು ಬೇಜಾರಿನಿಂದ ಬರೆದುಕೊಂಡಿದ್ದಾನೆ. ಫೈಲು ಹಿಡಿದುಕೊಂಡು ಸಾಹೇಬರ ಮುಂದೆ ಕಾದು ನಿಂತ ಯಾವ ಗುಮಾಸ್ತನಿಗೂ ಆ ಸಂಕಟ ಅರ್ಥವಾಗುತ್ತದೆ.

ಇದೇ ಚಾರ್ಲ್ಸ್‌ಗೆ ಪೋರ್ಚುಗೀಸ್ ರಾಜಕುಮಾರಿಯ ಮದುವೆಯಲ್ಲಿ ವರದಕ್ಷಿಣೆಯಾಗಿ ಬಂದದ್ದು ನಮ್ಮ ಮುಂಬಯಿ. 1668ರಲ್ಲಿ ಅದನ್ನು ವರ್ಷಕ್ಕೆ 10 ಪೌಂಡ್ ಗುತ್ತಿಗೆಗೆ ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. ಈ ಅಂಕಿ ಸ್ವಲ್ಪ ನೆನಪಿನಲ್ಲಿ ಇಟ್ಟುಕೊಳ್ಳಿ.

ದೊರೆಯ ನಾಯಿಗೆ ಮೂತಿ ಚೂಪಾಗಿಯೇ ಇತ್ತು. ಹಳೆಯ ವರ್ಣಚಿತ್ರಗಳಲ್ಲಿ ನೋಡಬಹುದು. ಮುಂದಿನ ಕಾಲದಲ್ಲಿ ಚಪ್ಪಟೆ ಮೂತಿಯ ನಾಯಿಗಳ ಶೋಕಿ ಬಂತು. ಪಗ್ ಥರದ ನಾಯಿಗಳ ಜೊತೆ ಕೂಡಿಸುತ್ತಾ ಕೂಡಿಸುತ್ತಾ, ಹತ್ತೊಂಬತ್ತನೇ ಶತಮಾನ ಮುಗಿಯುವಷ್ಟರಲ್ಲಿ ಸ್ಪ್ಯಾನಿಯಲ್‌ನ ಮೂಗು ಒಳಗೆ ಹೋಗಿ ತಲೆ ಗುಂಡಗಾಗಿತ್ತು. ಆಗ ಬಂದವನು ರಾಸ್‌ವೆಲ್ ಎಲ್‌ಡ್ರಿಜ್ ಎಂಬ ಅಮೆರಿಕದವನು. ಚಿತ್ರದಲ್ಲಿ ಕಂಡ ನಾಯಿ ಇಂಗ್ಲೆಂಡಿನಲ್ಲಿ ಎಲ್ಲೂ ಸಿಗಲಿಲ್ಲ. 1926ರಲ್ಲಿ ಲಂಡನ್ನಿನ ಕ್ರಫ್ಟ್ಸ್ ಪ್ರದರ್ಶನದಲ್ಲಿ, ಹಳೆಯ ಮೂತಿಯ ನಾಯಿ ತಂದವರಿಗೆ 25 ಪೌಂಡ್ ಬಹುಮಾನ ಅಂತ ಘೋಷಿಸಿದ. ಮುಂಬಯಿಗೆ ವರ್ಷಕ್ಕೆ 10 ಪೌಂಡ್, ನಾಯಿಯ ಮೂಗಿಗೆ 25! ನೂರಾರು ವರ್ಷಗಳ ಅಂತರ, ಹಣದ ಬೆಲೆ ಬೇರೆ ಅಂತ ಗೊತ್ತು. ಆದರೂ ಬ್ಯಾಂಕಿನವನ ಬಾಯಿ ಸುಮ್ಮನಿರುವುದಿಲ್ಲ.

1928ರಲ್ಲಿ ಈ ತಳಿಗಾಗಿ ಒಂದು ಕ್ಲಬ್ಬು ಹುಟ್ಟಿತು. 'ಆನ್ಸ್ ಸನ್' ಎಂಬ ಒಂದು ನಾಯಿಯನ್ನು ಮಾದರಿಯಾಗಿ ಮುಂದಿಟ್ಟುಕೊಂಡು ಲಕ್ಷಣಗಳನ್ನು ಬರೆದರು. ಹೆಸರಿಗೆ 'ಕ್ಯಾವಲಿಯರ್' ಸೇರಿದ್ದು ಆಗಲೇ. ನಡುವೆ ಎರಡನೇ ಮಹಾಯುದ್ಧ ಬಂದು, ಮನುಷ್ಯರಿಗೇ ರೇಷನ್ ಆಗಿದ್ದಾಗ ನಾಯಿಗಳ ಸಂಖ್ಯೆ ಕುಸಿಯಿತು. 1945ರಲ್ಲಿ ಬ್ರಿಟನ್ನಿನ ಕೆನಲ್ ಕ್ಲಬ್ ಇದನ್ನು ಬೇರೆ ತಳಿ ಎಂದು ಒಪ್ಪಿತು. ಈಗ ಜಗತ್ತಿನಾದ್ಯಂತ ಇರುವ ಕ್ಯಾವಲಿಯರ್‌ಗಳೆಲ್ಲ ಆ ಕೆಲವೇ ನಾಯಿಗಳ ಸಂತಾನ.

ಬಂಡವಾಳ ಸಣ್ಣದು, ವ್ಯಾಪಾರ ದೊಡ್ಡದು. ಅಂಥ ಲೆಕ್ಕ ಎಲ್ಲೋ ಒಂದು ಕಡೆ ಕೈಕೊಡಲೇಬೇಕು. ಇಲ್ಲಿ ಕೈಕೊಟ್ಟದ್ದು ಹೃದಯ. ಈ ತಳಿಯ ನಾಯಿಗಳಲ್ಲಿ ಹೃದಯದ ಎಡಭಾಗದ ಕವಾಟ ಬೇಗ ಸವೆಯುತ್ತದೆ. ಐದನೇ ವಯಸ್ಸಿಗೆಲ್ಲ ಸುಮಾರು ಅರ್ಧದಷ್ಟು ನಾಯಿಗಳ ಎದೆಯಲ್ಲಿ ಡಾಕ್ಟರ ಸ್ಟೆತೊಸ್ಕೋಪಿಗೆ 'ಸುಂಯ್' ಅನ್ನುವ ಸದ್ದು ಸಿಗುತ್ತದೆ. ಹತ್ತು ದಾಟಿದರೆ ಸಿಗದಿರುವುದೇ ಅಪರೂಪ. ಇನ್ನು ಕೆಲವಕ್ಕೆ ಮೆದುಳಿನ ಅಳತೆಗೆ ತಲೆಬುರುಡೆ ಸಾಲದೆ ಕತ್ತಿನ ನರಗಳಲ್ಲಿ ನೋವು. ಸುಮ್ಮಸುಮ್ಮನೆ ಗಾಳಿಯಲ್ಲಿ ಕತ್ತು ಕೆರೆದುಕೊಳ್ಳುತ್ತವೆ. ನೋಡಿದವರು 'ಎಷ್ಟು ಮುದ್ದು' ಅನ್ನುತ್ತಾರೆ. 2023ರಲ್ಲಿ ನಾರ್ವೆಯ ಸುಪ್ರೀಂ ಕೋರ್ಟು, ಈ ತಳಿಯನ್ನು ಇದ್ದ ಹಾಗೇ ಮರಿ ಮಾಡಿಸುತ್ತಾ ಹೋಗುವುದು ಅಲ್ಲಿಯ ಪ್ರಾಣಿ ಕಲ್ಯಾಣ ಕಾಯ್ದೆಗೆ ವಿರುದ್ಧ ಎಂದು ತೀರ್ಪು ಕೊಟ್ಟಿತು. ಮನುಷ್ಯರು ಮಡಿಲಿಗೆ ಬೇಕು ಅಂತ ಮಾಡಿಕೊಂಡ ಸಾಲವನ್ನು ನಾಯಿ ತನ್ನ ಎದೆಯಿಂದ ತೀರಿಸುತ್ತಿದೆ. ನನಗೆ ಹೊಳೆದದ್ದು ಇಷ್ಟು.

ನಮ್ಮ ಕಡೆ ನಾಯಿಗೆ ಮರ್ಯಾದೆ ಇರಲಿಲ್ಲವೇ ಅಂತ ನೀವು ಕೇಳಬಹುದು. ನಾನು ಮದ್ದೂರಿನವನು. ನಮ್ಮ ತಾಲೂಕಿನ ಆತಕೂರಿನಲ್ಲಿ ಸಿಕ್ಕ ಒಂದು ಕಲ್ಲು ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತು ಸಂಗ್ರಹಾಲಯದಲ್ಲಿದೆ. ಶಕ ವರ್ಷ 872, ಅಂದರೆ ಕ್ರಿ.ಶ. 949-50ರ ಶಾಸನ ಅದು. ರಾಷ್ಟ್ರಕೂಟರ ಮೂರನೇ ಕೃಷ್ಣ ತಕ್ಕೋಲದಲ್ಲಿ ಚೋಳರ ಮೇಲೆ ಯುದ್ಧ ಮಾಡಿದ. ಅವನ ಕಡೆಯಿದ್ದ ಗಂಗರ ಬೂತುಗ ಚೋಳ ರಾಜಾದಿತ್ಯನನ್ನು ಕೊಂದ. ಆ ಕಾಳಗದಲ್ಲಿ ಮೆರೆದವನು ಬೂತುಗನ ಸೇವಕ ಮಣಲೇರ. ಮೆಚ್ಚಿದ್ದೇನೆ, ಏನು ಬೇಕೋ ಕೇಳು ಅಂದಾಗ ಅವನು ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ. 'ಕಾಳಿ' ಎಂಬ ನಾಯಿಯನ್ನು ಕೇಳಿದ. ಮುಂದೆ ಕಾಳಿಯನ್ನು ಒಂದು ದೊಡ್ಡ ಹಂದಿಯ ಮೇಲೆ ಬಿಟ್ಟಾಗ ಎರಡೂ ಹೋರಾಡಿ ಒಟ್ಟಿಗೇ ಸತ್ತವು. ಕಲ್ಲಿನ ಮೇಲೆ ಅವು ಕಾದಾಡುವ ಚಿತ್ರವೂ ಇದೆ.

ನನ್ನ ಗಮನ ಸೆಳೆದದ್ದು ಕಾಳಿಯ ಶೌರ್ಯಕ್ಕಿಂತ ಶಾಸನದ ಕೊನೆಯ ಭಾಗ. ಕಲ್ಲು ನಿಲ್ಲಿಸಿ ಸುಮ್ಮನಾಗಲಿಲ್ಲ. ಅದನ್ನು ನೋಡಿಕೊಳ್ಳುವ ಗೊರವನಿಗೆ ಜಮೀನು ಬಿಟ್ಟರು. ಕಲ್ಲಿಗೆ ಪೂಜೆ ಮಾಡದೆ ಅವನು ಉಂಡರೆ ನಾಯಿ ಮಾಡಿದ ಪಾಪ ಅವನಿಗೆ ತಟ್ಟುತ್ತದೆ ಎಂದು ಕರಾರು ಬರೆದರು. ಸತ್ತ ನಾಯಿಗೂ ನಿತ್ಯದ ಖರ್ಚು ಎಲ್ಲಿಂದ, ಕೆಲಸ ಯಾರದು ಅಂತ ಸಾವಿರ ವರ್ಷದ ಹಿಂದೆಯೇ ಗೊತ್ತುಮಾಡಿದ್ದರು. ಹಾಗಿರುವಾಗ ಬದುಕಿರುವ ನಾಯಿಗೆ?

ಆಮೇಲೆ ನಾನೂ ಒಂದು ಕರಾರು ಬರೆಯಲು ಕೂತೆ. ಗಚ್ಚಿಬೌಲಿಯ ಬೇಸಿಗೆ 40 ಡಿಗ್ರಿ ದಾಟುತ್ತದೆ. ಇದು ಚಳಿಗೆಂದೇ ಮೈತುಂಬ ಕೂದಲು ಹೊತ್ತ ನಾಯಿ. ಬೆಳಿಗ್ಗೆ ಏಳರೊಳಗೆ ಒಂದು ಸುತ್ತು, ಸಂಜೆ ಟಾರು ಆರಿದ ಮೇಲೆ ಇನ್ನೊಂದು. ರಸ್ತೆಯ ಮೇಲೆ ನಮ್ಮ ಅಂಗೈ ಐದು ಸೆಕೆಂಡು ಇಡಲಾಗದಿದ್ದರೆ ಅದರ ಕಾಲನ್ನೂ ಇಡಿಸಬಾರದು. ಜೋಲುಕಿವಿಯೊಳಗೆ ಗಾಳಿಯಾಡುವುದಿಲ್ಲ, ತೇವ ನಿಂತರೆ ಕೀವು, ವಾರಕ್ಕೊಮ್ಮೆ ಒರೆಸಬೇಕು. ಕಿವಿ, ತೊಡೆಯ ಕೂದಲು ಗಂಟಾಗದಂತೆ ಬಾಚಬೇಕು. ಉಣ್ಣಿ ಕಚ್ಚಿದರೆ ಬರುವ ಟಿಕ್ ಫೀವರಿನಲ್ಲಿ ರಕ್ತದ ಪ್ಲೇಟ್‌ಲೆಟ್ ಇಳಿದುಹೋಗುತ್ತವೆ, ಹಾಗಾಗಿ ತಿಂಗಳ ಔಷಧಿ ತಪ್ಪಿಸುವ ಹಾಗಿಲ್ಲ. ಉಪ್ಪಿಟ್ಟಿನ ಈರುಳ್ಳಿ, ಪಾಯಸದ ದ್ರಾಕ್ಷಿ, ಚಾಕೊಲೇಟು ಮೂರೂ ಅದಕ್ಕೆ ವಿಷ. ದಪ್ಪಗಾಗಲು ಬಿಟ್ಟರೆ ಮೊದಲೇ ಸೋತ ಹೃದಯಕ್ಕೆ ಇನ್ನಷ್ಟು ಹೊರೆ.

ಪಟ್ಟಿಯಲ್ಲಿ ಮೊದಲು ಬರೆದದ್ದು ಮಾತ್ರ ರೇಬಿಸ್ ಲಸಿಕೆ. ಒಂಬತ್ತನೇ ವಯಸ್ಸಿನಲ್ಲಿ ನನಗೆ ಬೀದಿನಾಯಿ ಕಚ್ಚಿ, ಅಪ್ಪ ಹದಿನಾಲ್ಕು ದಿನ ಮದ್ದೂರಿನಿಂದ ಮಂಡ್ಯಕ್ಕೆ ಬಸ್ಸಿನಲ್ಲಿ ಕರೆದುಕೊಂಡು ಹೋಗಿ ಹೊಟ್ಟೆಯ ಸುತ್ತ ಹದಿನಾಲ್ಕು ಸೂಜಿ ಹಾಕಿಸಿದ್ದರು. 1911ರಲ್ಲಿ ಕಸೌಲಿಯಲ್ಲಿ ಡೇವಿಡ್ ಸೆಂಪಲ್ ರೂಪಿಸಿದ, ಕುರಿಯ ಮೆದುಳಿನಿಂದ ಮಾಡುತ್ತಿದ್ದ ಲಸಿಕೆ ಅದು. ನಮ್ಮ ದೇಶದಲ್ಲಿ ಅದರ ತಯಾರಿಕೆ ನಿಂತದ್ದು 2004ರ ಕೊನೆಗೆ. ಈಗ ತೋಳಿಗೆ ನಾಲ್ಕೈದು ಸೂಜಿ ಸಾಕು. ಸೋಜಿಗ ಏನೆಂದರೆ, ನಾನು ದಿನಾ ವಾಕಿಂಗ್ ಮಾಡುವ ಗಚ್ಚಿಬೌಲಿಯಲ್ಲೇ ಇಂಡಿಯನ್ ಇಮ್ಯುನೊಲಾಜಿಕಲ್ಸ್‌ನ ಲಸಿಕೆ ಕಾರ್ಖಾನೆಯಿದೆ. 1982ರಲ್ಲಿ ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿ, ದನಗಳ ಕಾಲುಬಾಯಿ ರೋಗದ ಲಸಿಕೆ ಅಗ್ಗದಲ್ಲಿ ಸಿಗಲೆಂದು ಕಟ್ಟಿದ ಸಂಸ್ಥೆ. ನಾಯಿಗಳ ರೇಬಿಸ್ ಲಸಿಕೆಯೂ ಇವರದು ಉಂಟು. ಕಂಪ್ಯೂಟರಿನವರು ಬರುವ ಮೊದಲೇ ಈ ಊರಿಗೆ ದನಕರುಗಳ ಋಣ ಇತ್ತು ಅಂತಾಯಿತು.

ಮೊಮ್ಮಗಳ ಕೈಹಿಡಿದು ಮರಿ ನೋಡಲು ಒಂದು ಕಡೆ ಹೋದೆವು. ಮರಿ ಅಂಗೈಯಷ್ಟಿತ್ತು. ತಾಯಿ ಎಲ್ಲಿ ಅಂದೆ, ಊರಲ್ಲಿದೆ ಅಂದರು. ವಯಸ್ಸು? ಐದು ವಾರ. ತಾಯಿಯ ಹೃದಯ ಪರೀಕ್ಷೆಯ ಕಾಗದ? "ಸಾರ್, ಮರಿ ತಗೊಳ್ತೀರೋ, ಲೋನ್ ಕೊಡ್ತೀರೋ?" ಅಂತ ನಕ್ಕರು. 2017ರ ಕೇಂದ್ರದ ನಿಯಮಗಳ ಪ್ರಕಾರ ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ, ಮರಿ ಮಾಡಿಸುವವರು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಿರಬೇಕು. ಹೇಳಿ ಪ್ರಯೋಜನ ಇರಲಿಲ್ಲ. ಎದ್ದು ಬಂದೆವು. ದಾರಿಯುದ್ದಕ್ಕೂ ಹುಡುಗಿ ಮಾತಾಡಲಿಲ್ಲ.

ಆ ರಾತ್ರಿ ಅವಳಿಗೆ ನನ್ನ ಹಳೆಯ ಕಾರಣ ಹೇಳಿದೆ. 1987ರಲ್ಲಿ ನಾನು ರಾಯಚೂರು ಜಿಲ್ಲೆಯ ಒಂದು ಸಣ್ಣ ಊರಿನ ಬ್ರಾಂಚಿನಲ್ಲಿದ್ದೆ. ಮದುವೆಯಾಗಿರಲಿಲ್ಲ. ಭಾಷೆ ಕನ್ನಡವೇ ಆದರೂ ಆ ಊರಿನ ಮಾತು, ಜೋಳದ ರೊಟ್ಟಿ, ಬಿಸಿಲು ಯಾವುದೂ ನನಗೆ ಒಗ್ಗಿರಲಿಲ್ಲ. ಬಾಗಿಲಿಗೆ ಬಂದ ಒಂದು ಕೆಂದನಾಯಿಗೆ ಅರ್ಧ ರೊಟ್ಟಿ ಹಾಕಿದೆ. ಮೂರು ವರ್ಷ ಅದು ನನ್ನ ಜೊತೆಗಿತ್ತು. ಬೆಳಿಗ್ಗೆ ಬ್ರಾಂಚಿನ ತನಕ ಬಿಟ್ಟು, ಸಂಜೆ ಕರೆದುಕೊಂಡು ಹೋಗುತ್ತಿತ್ತು. ವರ್ಗಾವಣೆ ಬಂತು. ನಮ್ಮ ಅಟೆಂಡರ್ ಕೈಗೆ ಐವತ್ತು ರೂಪಾಯಿ ಕೊಟ್ಟು "ನೋಡ್ಕೊಳ್ಳಪ್ಪ" ಅಂದು ಬಸ್ಸು ಹತ್ತಿದೆ. ನಾಲ್ಕು ತಿಂಗಳಿಗೆ ಅವನ ಕಾಗದ ಬಂತು. ನಾಯಿ ಅವನ ಮನೆಯಲ್ಲಿ ನಿಲ್ಲಲಿಲ್ಲವಂತೆ. ದಿನಾ ಸಂಜೆ ಐದಕ್ಕೆ ಬ್ರಾಂಚಿನ ಮೆಟ್ಟಿಲ ಮೇಲೆ ಬಂದು ಕೂರುತ್ತಿತ್ತಂತೆ. ಒಂದು ದಿನ ಬರಲಿಲ್ಲವಂತೆ.

"ನೀನು ಯಾಕೆ ಕರ್ಕೊಂಡು ಬರ್ಲಿಲ್ಲ ತಾತ?" ಅಂದಳು. ಮೂವತ್ತು ವರ್ಷಕ್ಕೂ ಮೇಲೆ ನನ್ನನ್ನು ಯಾರೂ ಆ ಪ್ರಶ್ನೆ ಕೇಳಿರಲಿಲ್ಲ. ಬಸ್ಸಿನಲ್ಲಿ ಬಿಡುವುದಿಲ್ಲ ಅಂದುಕೊಂಡಿದ್ದೆ. ಕೇಳಿಯೂ ನೋಡಿರಲಿಲ್ಲ.

ಮಗನನ್ನು ಕೂರಿಸಿಕೊಂಡು ಮೂರನೇ ಪ್ರಶ್ನೆ ಕೇಳಿದೆ. ನಾಳೆ ಕಂಪನಿ ನಿನ್ನನ್ನು ಅಮೆರಿಕಕ್ಕೆ ಕಳಿಸಿದರೆ? ನಾಯಿ ಬದುಕುವುದು ಹತ್ತು ಹನ್ನೆರಡು ವರ್ಷ, ಆಗ ನನಗೆ ಎಪ್ಪತ್ತೆಂಟು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಕರ್ಕೊಂಡೇ ಹೋಗ್ತೀವಿ ಅಪ್ಪ. ಆಗದಿದ್ರೆ ಹೋಗಲ್ಲ" ಅಂದ. ಒಂದು ಹಾಳೆಯಲ್ಲಿ ಬರೆಸಿ ಸಹಿ ಹಾಕಿಸಿಕೊಂಡೆ. ನನ್ನಾಕೆ ಸಾಕ್ಷಿ.

ಕೊನೆಗೆ ಮರಿ ತರಲಿಲ್ಲ. ಪಕ್ಕದ ಅಪಾರ್ಟ್‌ಮೆಂಟಿನ ಒಂದು ಕುಟುಂಬ ದುಬೈಗೆ ಹೊರಟಿತ್ತು. ಅವರ ಐದು ವರ್ಷದ ಕ್ಯಾವಲಿಯರ್ ಹೆಣ್ಣುನಾಯಿ ಟಾಫಿಗೆ ಮನೆ ಹುಡುಕುತ್ತಿದ್ದರು. ಡಾಕ್ಟರು ಎದೆಗೆ ಸ್ಟೆತೊಸ್ಕೋಪ್ ಇಟ್ಟು, ಸದ್ದು ಶುರುವಾಗಿದೆ, ಆರು ತಿಂಗಳಿಗೊಮ್ಮೆ ತೋರಿಸಿ, ಈಗಲೇ ಮಾತ್ರೆ ಬೇಡ ಅಂದರು. ಬಾಕಿ ಎಷ್ಟಿದೆ ಅಂತ ಗೊತ್ತಿದ್ದೇ ಖಾತೆ ತೆಗೆದುಕೊಂಡೆವು. ಹೆಸರು ಬದಲಾಯಿಸಲಿಲ್ಲ, ಊರು ಬದಲಾದವರಿಗೆ ಹೆಸರಾದರೂ ಹಳೆಯದಿರಲಿ.

ಮೊದಲ ತಿಂಗಳು ದಿನಾ ಸಂಜೆ ಆರೂವರೆಗೆ ಅದು ನಮ್ಮ ಬಾಗಿಲ ಬಳಿ ಹೋಗಿ ಲಿಫ್ಟಿನ ಸದ್ದಿಗೆ ಕಿವಿಗೊಟ್ಟು ಕೂರುತ್ತಿತ್ತು. ಹಳೆಯ ಮನೆಯವರು ಬರುವ ಹೊತ್ತು ಅದಂತೆ. ನಾನೂ ಒಂದು ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂರುತ್ತಿದ್ದೆ. ಈಗಲೂ ಕೂರುತ್ತೇವೆ. ಆದರೆ ಈಗ ಮೊಮ್ಮಗಳು ಟ್ಯೂಷನ್ನಿನಿಂದ ಬರುವ ಹೊತ್ತಿಗೆ. ಭಾನುವಾರ ಅದರ ಕಿವಿ ಒರೆಸುವ ಕೆಲಸ ನನ್ನದು. ಅಡುಗೆಮನೆಯ ಷರತ್ತು ಎರಡನೇ ವಾರಕ್ಕೇ ಮುರಿದುಬಿತ್ತು. ಮುರಿದವರು ಸಾಕ್ಷಿ ಹಾಕಿದವರೇ.