ಕ್ಷೌರದ ಕತ್ತಿಯೂ ಕನ್ನಡ ನಾಡಿನ ಉಕ್ಕೂ

ಮನುಷ್ಯನ ನಿತ್ಯೋಪಯೋಗದ ಹತ್ಯಾರುಗಳಲ್ಲಿ ಕ್ಷೌರದ ಕತ್ತಿಯಷ್ಟು ನಂಬಿಕೆಯನ್ನು ಬೇಡುವುದು ಮತ್ತೊಂದಿಲ್ಲ. ಕೊಡಲಿಯು ಮರದ ಮೇಲೆ ಬೀಳುವುದು. ಕುಡುಗೋಲು ಪೈರಿನಲ್ಲಿ ಓಡುವುದು. ಈಳಿಗೆಯು ಕಾಯಿಪಲ್ಯವನ್ನು ಹೆಚ್ಚುವುದು. ಕ್ಷೌರದ ಕತ್ತಿಯಾದರೋ ಬದುಕಿರುವ ಮನುಷ್ಯನ ಕೊರಳ ಮೇಲೆಯೇ ಆಡತಕ್ಕದ್ದು. ಕೂದಲನ್ನು ಕತ್ತರಿಸಬೇಕು, ಚರ್ಮವನ್ನು ಬಿಡಬೇಕು. ಅದೂ ಒಂದು ದಿನವಲ್ಲ, ವರ್ಷಗಟ್ಟಲೆ. ಆದಕಾರಣ ಲೋಹವಿದ್ಯೆಯಲ್ಲಿ ನಿಪುಣರಾದವರು ಉಕ್ಕಿನ ಒಳ್ಳೆಯದು ಕೆಟ್ಟದ್ದನ್ನು ಒರೆಹಚ್ಚಿ ನೋಡುವುದಕ್ಕೆ ಅನೇಕ ವೇಳೆ ಈ ಕತ್ತಿಯನ್ನೇ ಆರಿಸಿಕೊಂಡರು. ಈ ಪರೀಕ್ಷೆಯ ಚರಿತ್ರೆಯಲ್ಲಿ ಕನ್ನಡ ನಾಡಿನ ಕುಲುಮೆಗಳಿಗೂ ಒಂದು ಸ್ಥಾನವುಂಟೆಂಬುದು ಹಲವರಿಗೆ ತಿಳಿಯದ ಸಂಗತಿ.

ಮೆದು ಕಬ್ಬಿಣಕ್ಕೆ ಅಲಗು ನಿಲ್ಲದು. ಅದರಲ್ಲಿ ನೂರಕ್ಕೆ ಒಂದು ಪಾಲಿಗಿಂತ ತುಸು ಹೆಚ್ಚು ಇಂಗಾಲವು ಸೇರಿದರೆ ಕ್ಷೌರದ ಕತ್ತಿಗೆ ತಕ್ಕ ಉಕ್ಕಾಗುವುದು. ಆ ಉಕ್ಕನ್ನು ಕೆಂಪಗೆ ಕಾಯಿಸಿ ಥಟ್ಟನೆ ತಣಿಸಿದರೆ ಅದು ಬಹು ಗಡುಸಾಗುವುದು. ಆದರೆ ಗಾಜಿನಂತೆ ಸಿಡಿಯುವುದು. ಆಮೇಲೆ ಅದನ್ನು ಮೆಲ್ಲಗೆ ಕಾಯಿಸಿ, ಹೊಳಪಿನ ಮೇಲೆ ಒಣಹುಲ್ಲಿನ ತೆಳು ಹಳದಿ ಬಣ್ಣ ತಲೆದೋರಿದೊಡನೆಯೇ ನಿಲ್ಲಿಸಬೇಕು. ಕಾವು ಹೆಚ್ಚಾದರೆ ಅಲಗು ಮಡಿಯುವುದು, ಕಡಿಮೆಯಾದರೆ ಹಲ್ಲುಬೀಳುವುದು. ಇಷ್ಟೆಲ್ಲ ಎಚ್ಚರವಿದ್ದರೂ ಉಕ್ಕಿನೊಳಗೆ ಕಿಟ್ಟದ ಒಂದು ಎಳೆ ಉಳಿದಿದ್ದರೆ ಕೆಲಸವೆಲ್ಲವೂ ವ್ಯರ್ಥವೇ.

ಹದಿನೆಂಟನೆಯ ಶತಮಾನದ ಮೊದಲ ಭಾಗದವರೆಗೆ ಇಂಗ್ಲೆಂಡಿನ ಕತ್ತಿಗಾರರಿಗೆ ಇದೇ ದೊಡ್ಡ ಸಂಕಟವಾಗಿತ್ತು. ಅವರು ಕಬ್ಬಿಣದ ಸಲಾಕೆಗಳನ್ನು ಇದ್ದಲಪುಡಿಯೊಳಗೆ ಹೂಳಿ, ಅನೇಕ ದಿನಗಳ ಕಾಲ ಕಾಯಿಸಿ ಉಕ್ಕು ಮಾಡುತ್ತಿದ್ದರು. ಸಲಾಕೆಯ ಹೊರಮೈ ಗಡುಸಾದರೆ ಒಳಗು ಮೆದುವಾಗಿಯೇ ಉಳಿಯುತ್ತಿತ್ತು, ಕಿಟ್ಟವೂ ಹೋಗುತ್ತಿರಲಿಲ್ಲ. ಬೆಂಜಮಿನ್ ಹಂಟ್ಸ್‌ಮನ್ ಎಂಬ ಗಡಿಯಾರದ ಕಸುಬಿನವನು 1740ರ ದಶಕದಲ್ಲಿ ಷೆಫೀಲ್ಡ್ ಪಟ್ಟಣದ ಬಳಿ ಈ ಉಕ್ಕನ್ನು ಮಣ್ಣಿನ ಮೂಸೆಯಲ್ಲಿ ಪೂರ್ಣವಾಗಿ ಕರಗಿಸಿ, ಒಂದೇ ಹದದ ಎರಕದ ಉಕ್ಕನ್ನು ಪಡೆದನು. ಷೆಫೀಲ್ಡಿನ ಕತ್ತಿಗಾರರು ಅದು ವಿಪರೀತ ಗಡುಸೆಂದು ಮೊದಲು ತಿರಸ್ಕರಿಸಿದರೆಂದೂ, ಫ್ರೆಂಚರು ಅದನ್ನು ಕೊಂಡು ಉತ್ತಮವಾದ ಕತ್ತಿಗಳನ್ನು ಮಾಡತೊಡಗಿದ ಮೇಲೆ ಕಣ್ಣು ತೆರೆದರೆಂದೂ ಅಲ್ಲಿ ಪ್ರಸಿದ್ಧವಾದ ಕಥೆಯುಂಟು. 1769ರಲ್ಲಿ ಪ್ಯಾರಿಸ್ಸಿನ ಕತ್ತಿಗಾರನಾದ ಜಾನ್ ಜಾಕ್ ಪೆರೆ ಎಂಬಾತನು, ಗೃಹಸ್ಥರು ನಾಪಿತನ ನೆರವಿಲ್ಲದೆ ತಾವೇ ಕ್ಷೌರ ಮಾಡಿಕೊಳ್ಳುವ ವಿಧಾನವನ್ನು ಕುರಿತು ಒಂದು ಪುಸ್ತಕವನ್ನೇ ಬರೆದು ಪ್ರಕಟಿಸಿದನು.

ಮೂಸೆಯಲ್ಲಿ ಉಕ್ಕು ಮಾಡುವ ವಿದ್ಯೆಯು ಇಂಗ್ಲೆಂಡಿಗೆ ಹೊಸದಾಗಿದ್ದರೂ ದಕ್ಷಿಣ ಹಿಂದೂಸ್ಥಾನಕ್ಕೆ ಹೊಸದಲ್ಲ. ಮೈಸೂರು, ಸೇಲಂ, ತೆಲಂಗಾಣ ಪ್ರಾಂತ್ಯಗಳ ಕಮ್ಮಾರರು ಅದನ್ನು ಎಷ್ಟೋ ಶತಮಾನಗಳಿಂದ ಬಲ್ಲವರಾಗಿದ್ದರು. ಇಲ್ಲಿಯ ಉಕ್ಕಿನ ಗಟ್ಟಿಗಳು ಪಾರಸೀಕ ದೇಶದವರೆಗೂ ಹೋಗಿ ಖಡ್ಗಗಳಾಗುತ್ತಿದ್ದುವು. 1794ರಲ್ಲಿ ಮುಂಬಯಿಯ ವೈದ್ಯನಾದ ಹೆಲೆನಸ್ ಸ್ಕಾಟನು ಈ ಉಕ್ಕಿನ ಮಾದರಿಯನ್ನು ಲಂಡನ್ನಿನ ರಾಯಲ್ ಸೊಸೈಟಿಯ ಅಧ್ಯಕ್ಷನಾದ ಜೋಸೆಫ್ ಬ್ಯಾಂಕ್ಸನಿಗೆ ಕಳುಹಿಸಿದನು. ಮರುವರ್ಷ ಜಾರ್ಜ್ ಪಿಯರ್ಸನ್ ಎಂಬ ಪಂಡಿತನು ಅದನ್ನು ಕುರಿತು ಆ ಸಂಸ್ಥೆಯಲ್ಲಿ ಲೇಖನವನ್ನು ಓದಿದನು. ಅಲ್ಲಿ ಅದಕ್ಕೆ ನಿಂತ ಹೆಸರು 'ವೂಟ್ಸ್' ಎಂದು. ಕನ್ನಡ ತೆಲುಗುಗಳ 'ಉಕ್ಕು' ಎಂಬ ಮಾತೇ ಪರದೇಶೀಯರ ಕಿವಿಯಲ್ಲಿಯೂ ಲೇಖನಿಯಲ್ಲಿಯೂ ಕೆಟ್ಟು ಹೀಗಾಯಿತೆಂಬುದು ಬಹುಮಂದಿ ವಿದ್ವಾಂಸರ ಅಭಿಪ್ರಾಯ.

ಲಂಡನ್ನಿನ ಸ್ಟ್ರಾಂಡ್ ಬೀದಿಯಲ್ಲಿ ಶಸ್ತ್ರವೈದ್ಯರ ಉಪಕರಣಗಳನ್ನೂ ಕ್ಷೌರದ ಕತ್ತಿಗಳನ್ನೂ ಮಾಡುತ್ತಿದ್ದ ಜೇಮ್ಸ್ ಸ್ಟೊಡಾರ್ಟನು ಈ ಉಕ್ಕನ್ನು ಕಾಯಿಸಿ, ಬಡಿದು, ಹದಗೊಳಿಸಿ ನೋಡಿದನು. ಅನೇಕ ವರ್ಷ ಹೋಲಿಸಿ ನೋಡಿದ ಮೇಲೆ, ಯೂರೋಪಿನ ಅತ್ಯುತ್ತಮವಾದ ಉಕ್ಕಿಗಿಂತ ಹಿಂದೂಸ್ಥಾನದ ಈ ಉಕ್ಕೇ ತನಗೆ ಮೇಲಾಗಿ ಕಂಡಿತೆಂದು ತನ್ನ ಅಂಗಡಿಯ ಚೀಟಿಯಲ್ಲಿಯೇ ಅಚ್ಚು ಹಾಕಿಸಿದನು. ವ್ಯಾಪಾರಿಯೊಬ್ಬನು ಪರದೇಶದ ಸರಕನ್ನು ತನ್ನ ನಾಡಿನದಕ್ಕಿಂತ ಮಿಗಿಲೆಂದು ಸಾರುವುದು ಸುಲಭದ ಮಾತಲ್ಲ.

ಟಿಪ್ಪುಸುಲ್ತಾನನು ಮಡಿದ ಮರುವರ್ಷ, ಎಂದರೆ 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು ಸರಕಾರದ ಅಪ್ಪಣೆಯಂತೆ ಮೈಸೂರು ಸೀಮೆಯಲ್ಲಿ ಸಂಚರಿಸುತ್ತ ಈ ಕುಲುಮೆಗಳನ್ನು ಕಣ್ಣಾರೆ ಕಂಡನು. 1807ರಲ್ಲಿ ಅಚ್ಚಾದ ಅವನ ಪ್ರವಾಸಗ್ರಂಥದಲ್ಲಿ ಅದರ ವಿವರಣೆಯಿದೆ. ಕಮ್ಮಾರರು ಸುಡದ ಮಣ್ಣಿನ ಮೂಸೆಯೊಳಗೆ ಕಬ್ಬಿಣದ ತುಂಡನ್ನಿಟ್ಟು, ತಂಗಡಿಗಿಡದ ಕಡ್ಡಿಯನ್ನೂ ಹಸುರೆಲೆಗಳನ್ನೂ ಸೇರಿಸಿ, ಬಾಯಿಗೆ ಮಣ್ಣು ಮೆತ್ತಿ, ಇಂಥ ಹಲವು ಮೂಸೆಗಳನ್ನು ಒಟ್ಟಿಗೆ ಇದ್ದಲಿನ ನಡುವೆ ಜೋಡಿಸಿ ತಿದಿಯೂದುತ್ತಿದ್ದರು. ಮುಚ್ಚಿದ ಮೂಸೆಯಲ್ಲಿ ಸೊಪ್ಪುಕಡ್ಡಿಗಳ ಇಂಗಾಲವನ್ನು ಹೀರಿಕೊಂಡು ಕಬ್ಬಿಣವು ಕರಗುತ್ತಿತ್ತು. ತಣಿದ ಮೂಸೆಯನ್ನು ಒಡೆದರೆ ಉಕ್ಕಿನ ಗಟ್ಟಿಯು ಕೈಗೆ ಸಿಕ್ಕುತ್ತಿತ್ತು. ಅವರಿಗೆ ಇಂಗಾಲವೆಂಬ ಹೆಸರು ತಿಳಿದಿರಲಿಲ್ಲ; ಎಷ್ಟು ಕಡ್ಡಿ, ಎಷ್ಟು ಹೊತ್ತು ಎಂಬುದು ಮಾತ್ರ ಪರಂಪರೆಯಿಂದ ತಿಳಿದಿತ್ತು.

ಈ ಗುಟ್ಟನ್ನು ಬಿಡಿಸಲು ಹೊರಟವನು ಕಮ್ಮಾರನ ಮಗನಾದ ಮೈಕೇಲ್ ಫ್ಯಾರಡೆ. ಅವನು 1819ರಲ್ಲಿ ವೂಟ್ಸನ್ನು ಪರೀಕ್ಷಿಸಿ, ಅದರ ಗುಣಕ್ಕೆ ಅಲ್ಯೂಮಿನಿಯಮ್ಮಿನ ಬೆರಕೆಯು ಕಾರಣವಿರಬೇಕೆಂದು ಊಹಿಸಿದನು. ಊಹೆಯು ತಪ್ಪು, ಆದರೆ ತಪ್ಪಿನಿಂದಲೂ ಫಲ ದೊರೆಯಿತು. ಅವನೂ ಸ್ಟೊಡಾರ್ಟನೂ ಕೂಡಿ ಉಕ್ಕಿಗೆ ಬೆಳ್ಳಿ, ಪ್ಲಾಟಿನಮ್, ರೋಡಿಯಮ್ ಮೊದಲಾದ ಲೋಹಗಳನ್ನು ಬೆರಸಿ ನೋಡಿ, 1820ರಲ್ಲಿಯೂ 1822ರಲ್ಲಿಯೂ ಲೇಖನಗಳನ್ನು ಪ್ರಕಟಿಸಿದರು. ಮಿಶ್ರ ಉಕ್ಕುಗಳ ಶಾಸ್ತ್ರಕ್ಕೆ ಇದು ಒಂದು ಮೊದಲ ಮೆಟ್ಟಿಲು. ಐನೂರು ಪಾಲು ಉಕ್ಕಿಗೆ ಒಂದು ಪಾಲು ಬೆಳ್ಳಿ ಸೇರಿದ ಮಿಶ್ರಣವು ಒಳ್ಳೆಯದೆಂದು ಅವರು ಹೇಳಿದ್ದೇ ತಡ, 'ಬೆಳ್ಳಿಯುಕ್ಕು' ಎಂಬ ಮುದ್ರೆಯ ಕ್ಷೌರದ ಕತ್ತಿಗಳು ಪೇಟೆಯಲ್ಲಿ ತುಂಬಿದುವು. ಮುದ್ರೆಯಿದ್ದ ಮಾತ್ರಕ್ಕೆ ಒಳಗೆ ಬೆಳ್ಳಿಯಿದೆಯೆಂಬ ನೆಚ್ಚಿಕೆಯೇನೂ ಇರಲಿಲ್ಲ.

ಹೀಗಿರಲಾಗಿ, ಒಳ್ಳೆಯ ಕತ್ತಿಯನ್ನು ಆರಿಸುವವನು ಮುದ್ರೆಯನ್ನು ಓದಿದರೆ ಸಾಲದು, ಕತ್ತಿಯನ್ನೇ ಓದಬೇಕು. ಅದನ್ನು ಸಮನಾದ ಗಾಜಿನ ಮೇಲೆ ಮಲಗಿಸಿದರೆ ಬೆನ್ನೂ ಅಲಗೂ ಉದ್ದಕ್ಕೂ ತಾಗಬೇಕು. ಸಾಣೆಯ ಕಾಲದಲ್ಲಿ ಅಲಗಿನ ಕೋನವನ್ನು ಕಾಯುವುದು ಬೆನ್ನೇ. ಬೆನ್ನು ಸೊಟ್ಟಗಿದ್ದರೆ ಅಲಗು ಎಂದಿಗೂ ನೇರಾಗದು. ಹಳೆಯ ಕತ್ತಿಯ ಬೆನ್ನು ಬಹಳವಾಗಿ ಸವೆದಿದ್ದರೆ ಅದು ಒರಟು ಕೈಗಳಲ್ಲಿ ಬಾಳಿತೆಂದು ತಿಳಿಯಬೇಕು. ಬೆನ್ನಿನ ಮೇಲಿನ ತುಕ್ಕಿನ ಕಲೆಗೆ ಅಂಜಬೇಕಾಗಿಲ್ಲ. ಅಲಗಿನ ಬಳಿ ತುಕ್ಕು ಕುಳಿತೋಡಿದ್ದರೆ ಆ ಕತ್ತಿಯನ್ನು ಬಿಡುವುದೇ ಲೇಸು. ಮಡಿಸಿದಾಗ ಕತ್ತಿಯು ಹಿಡಿಯ ನಡುವೆಯೇ ಇಳಿಯಬೇಕು. ಕೊಂಬಿನ ಹಿಡಿಯು ಬಾಳಿಕೆಯದು. ಹಳೆಯ ಸೆಲ್ಯುಲಾಯ್ಡ್ ಹಿಡಿಯು ಕೊಳೆಯತೊಡಗಿದರೆ ಅದರ ಆವಿಯೇ ಉಕ್ಕನ್ನು ತಿನ್ನುವುದು. ಹೊಸಬನಿಗೆ ಇಂಚಿನ ಎಂಟರಲ್ಲಿ ಐದು ಅಥವಾ ಆರು ಪಾಲು ಅಗಲವೂ ಉರುಟಾದ ಮೂತಿಯೂ ತಕ್ಕುವು.

ಹಳೆಯ ಕತ್ತಿಗಳ ಅಡ್ಡಸೀಳು ಮರಗೆಲಸದವರ ಬೆಣೆಯಂತೆ ದಪ್ಪವಾಗಿದ್ದಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಎರಡು ಮಗ್ಗುಲುಗಳನ್ನೂ ಒಳಬಾಗಿನಂತೆ ಅರೆಯುವ ಪದ್ಧತಿಯು ಬೆಳೆಯಿತು. ಜರ್ಮನಿಯ ಜೋಲಿಂಗೆನ್ ಪಟ್ಟಣವು ಇದಕ್ಕೆ ಹೆಸರಾಯಿತು. ಇಂಥ ತೆಳ್ಳನೆಯ ಕತ್ತಿಯು ಉಗುರಿನಿಂದ ಮೀಟಿದರೆ ದನಿಗೊಡುವುದು. ಕೊಂಡಮೇಲೆಯೂ ಆರೈಕೆಯುಂಟು: ಕ್ಷೌರಕ್ಕೆ ಮುನ್ನ, ಬೆನ್ನು ಮುಂದಾಗಿ ಚರ್ಮದ ಪಟ್ಟಿಯ ಮೇಲೆ ಎಳೆಯಬೇಕು; ಆಗಾಗ್ಗೆ ನುಣ್ಣನೆಯ ಕಲ್ಲಿಗೆ ಒಡ್ಡಬೇಕು; ಒದ್ದೆಯಾಗಿ ಎಂದಿಗೂ ಇಡಬಾರದು. ಸ್ಥಿತಿವಂತರು ವಾರಕ್ಕೆ ಏಳು ಕತ್ತಿಗಳ ಪೆಟ್ಟಿಗೆಯನ್ನೇ ಇಟ್ಟುಕೊಳ್ಳುತ್ತಿದ್ದರು.

ಈ ನುಣುಪಿಗಾಗಿ ಬೆಲೆ ತೆತ್ತವರು ಬೇರೆಯವರು. ಷೆಫೀಲ್ಡಿನ ಸಾಣೆಯವರು ಮರಳುಗಲ್ಲಿನ ಚಕ್ರಗಳ ಮೇಲೆ ಬಾಗಿ, ಕಲ್ಲಿನ ಮತ್ತು ಉಕ್ಕಿನ ಧೂಳನ್ನು ದಿನವೆಲ್ಲ ಉಸಿರಾಡುತ್ತಿದ್ದರು. ಒಣಗಲ್ಲಿನ ಮೇಲೆ ಅರೆಯುವವರ ಗತಿಯಂತೂ ಘೋರ. ಕ್ಯಾಲ್ವರ್ಟ್ ಹಾಲೆಂಡ್ ಎಂಬ ವೈದ್ಯನು 1843ರಲ್ಲಿ ಈ ಶ್ವಾಸರೋಗಗಳನ್ನು ಕುರಿತು ಗ್ರಂಥವನ್ನು ಬರೆದನು. ಧೂಳನ್ನು ಸೆಳೆದೊಯ್ಯುವ ಬೀಸಣಿಗೆಯ ಯಂತ್ರವು ತಿಳಿದಿದ್ದರೂ ಅದು ಎಲ್ಲೆಡೆಯೂ ಬರಲು ದಶಕಗಳು ಹಿಡಿದುವು. ಗೃಹಸ್ಥನ ಕೆನ್ನೆಯನ್ನು ನೋಯಿಸದ ಅಲಗು ಅರೆಯುವವನ ಎದೆಯನ್ನು ಸವೆಸುತ್ತಿತ್ತು.

ಮೈಸೂರಿನ ಮೂಸೆಗಳೂ ಆ ಶತಮಾನದಲ್ಲಿಯೇ ಆರಿದುವು. ಪರದೇಶದ ಅಗ್ಗದ ಉಕ್ಕು ಹಡಗುಗಳಲ್ಲಿ ಬಂದಿಳಿಯಿತು, ಇದ್ದಲು ತುಟ್ಟಿಯಾಯಿತು, ಮಕ್ಕಳು ತಂದೆಯ ಕಸುಬನ್ನು ಬಿಟ್ಟರು. ಆಮೇಲೆ ಷೆಫೀಲ್ಡಿನ ಕತ್ತಿಗೂ ಅದೇ ದಿನ ಬಂತು. ಅಮೆರಿಕದ ಕಿಂಗ್ ಕ್ಯಾಂಪ್ ಜಿಲೆಟ್ ಎಂಬವನ, ಬಳಸಿ ಬಿಸಾಡುವ ಬ್ಲೇಡಿನ ರೇಜರುಗಳು 1903ರಲ್ಲಿ ಕೇವಲ 51 ಮಾರಾಟವಾದುವು; ಮರುವರ್ಷವೇ 90,000ಕ್ಕೆ ಮಿಕ್ಕಿದುವು. ಮೊದಲನೆಯ ಮಹಾಯುದ್ಧದಲ್ಲಿ ಅಮೆರಿಕದ ಸರಕಾರವು ಸೈನಿಕರಿಗಾಗಿ 35 ಲಕ್ಷ ರೇಜರುಗಳನ್ನು ಕೊಂಡಿತು. ಇಂದು ಕ್ಷೌರದಂಗಡಿಗಳಲ್ಲಿಯೂ ಗಿರಾಕಿಗೊಂದು ಹೊಸ ಬ್ಲೇಡನ್ನು ಹಾಕುವ ವಾಡಿಕೆ ಬಂದಿದೆ; ರಕ್ತದಿಂದ ಹರಡುವ ರೋಗಗಳ ಭಯವಿರುವಾಗ ಅದು ಸರಿಯಾದುದೇ.

ಆದರೂ ಒಂದೇ ಕತ್ತಿಯನ್ನು ಆರಿಸಿ, ಸಾಣೆಹಿಡಿದು, ತನ್ನ ಕಾಲಾನಂತರ ಮಗನ ಕೈಗೆ ಕೊಡುವ ಗೃಹಸ್ಥರು ಅಲ್ಲಲ್ಲಿ ಇಂದಿಗೂ ಉಂಟು. ತಂಗಡಿಗಿಡವು ಮೈಸೂರು ಸೀಮೆಯ ಬಯಲುಗಳಲ್ಲಿ ಈಗಲೂ ಹಳದಿ ಹೂವು ಬಿಡುತ್ತಿದೆ. ಅದರ ಕಡ್ಡಿಯನ್ನು ಅಳತೆಮಾಡಿ ಮೂಸೆಗಿಡುತ್ತಿದ್ದ ಕಮ್ಮಾರರಲ್ಲಿ ಒಬ್ಬನ ಹೆಸರೂ ಲಂಡನ್ನಿನ ಲೇಖನಗಳಲ್ಲಿ ಬರಲಿಲ್ಲ. ಅವರ ಮಾತೊಂದು ಮಾತ್ರ, ರೂಪಗೆಟ್ಟಾದರೂ, ಲೋಕದ ಲೋಹಶಾಸ್ತ್ರದಲ್ಲಿ ಉಳಿದುಕೊಂಡಿದೆ.